ಅರಬ್ಬಿ ಕಾದಂಬರಿ ಪ್ರಶಸ್ತಿ: ಗೆದ್ದ ಪುಸ್ತಕ ಓದುಗರ ಕೈಗೆ ಬರುವುದು ಯಾವಾಗ?

ಶರಾವತಿ_ಓದು
ಎಲ್ಲರಿಗೂ ನಮಸ್ಕಾರ. ಬಾನು ಮುಷ್ತಾಕ್ ಅವರ ಕಥೆಗಳಿಗೆ ದೀಪಾ ಭಾಸ್ತಿ ಅವರ ಅನುವಾದದ ಮೂಲಕ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ನಮ್ಮ ಓದುಗರ ಬಳಗದಲ್ಲಿ ಅನುವಾದದ ಪ್ರಶಸ್ತಿಗಳ ಮಾತು ಹೆಚ್ಚಾಗಿದೆ. ಇದೇ ಪ್ರಶಸ್ತಿಯನ್ನು 2019ರಲ್ಲಿ ಒಮಾನಿನ ಜೋಖಾ ಅಲ್‌ಹಾರ್ಥಿ ಅವರ ಅರಬ್ಬಿ ಕಾದಂಬರಿ ಗೆದ್ದಿತ್ತು ಎಂದು ಒಬ್ಬರು ನೆನಪಿಸಿದರು. ಆ ಮಾತು ಬೆಳೆದು, ಮುಂದಿನ ಕೆಲವು ತಿಂಗಳು ಸಮಕಾಲೀನ ಅರಬ್ಬಿ ಕಾದಂಬರಿಗಳನ್ನೇ ಓದೋಣ ಎಂಬ ತೀರ್ಮಾನಕ್ಕೆ ಬಂದಿದ್ದೇವೆ.

ಪುಸ್ತಕಗಳನ್ನು ಆರಿಸಲು ‘ಅರಬ್ ಬೂಕರ್’ ಎಂದು ಕರೆಯಲಾಗುವ ಅಂತರರಾಷ್ಟ್ರೀಯ ಅರಬ್ಬಿ ಕಾದಂಬರಿ ಪ್ರಶಸ್ತಿಯ ಪಟ್ಟಿಯನ್ನು ಮುಂದಿಟ್ಟುಕೊಂಡೆ. ಬೂಕರ್ ಪ್ರತಿಷ್ಠಾನವೇ ಹಣ ಕೊಟ್ಟು ನಡೆಸುವ ಈ ಪ್ರಶಸ್ತಿಯಲ್ಲಿ ಗೆದ್ದ ಕೃತಿಯನ್ನು ಇಂಗ್ಲಿಷಿಗೆ ತರುವುದಕ್ಕೂ ನೆರವಿದೆ ಎಂದು ಓದಿದ್ದೇನೆ. ಆದರೆ 2008ರಲ್ಲಿ ಗೆದ್ದ ಪುಸ್ತಕ ಮರುವರ್ಷವೇ ಇಂಗ್ಲಿಷಿನಲ್ಲಿ ಬಂದಿದೆ, 2015ರಲ್ಲಿ ಗೆದ್ದದ್ದು ಬಂದಿರುವುದು 2021ರಲ್ಲಿ. ನೆರವು ಒಂದೇ ಆಗಿದ್ದರೆ ಇಷ್ಟು ಅಂತರ ಏಕೆ? ಈ ಪಟ್ಟಿಯನ್ನು ಇಂದಿನ ಅರಬ್ಬಿ ಕಾದಂಬರಿಯ ನಿಜವಾದ ಪರಿಚಯವೆಂದು ನಂಬಬಹುದೇ? ತಿಳಿದವರು ಹೇಳಬೇಕಾಗಿ ಕೋರುತ್ತೇನೆ.

ಕಡಲಾಚೆಯ_ಕನ್ನಡಿಗ
ಮೊದಲು ಒಂದು ತಿದ್ದುಪಡಿ. ಲಂಡನ್ನಿನ ಬೂಕರ್ ಪ್ರತಿಷ್ಠಾನವು ಈ ಪ್ರಶಸ್ತಿಗೆ ಮಾರ್ಗದರ್ಶನ ನೀಡಿದೆ, ಹಣ ಕೊಟ್ಟಿಲ್ಲ. 2007ರಲ್ಲಿ ಅಬುಧಾಬಿಯಲ್ಲಿ ಪ್ರಶಸ್ತಿ ಆರಂಭವಾದಾಗ ಎಮಿರೇಟ್ಸ್ ಫೌಂಡೇಶನ್ ಹಣ ಒದಗಿಸಿತು. ಆಮೇಲೆ ಆ ಹೊಣೆ ಅಬುಧಾಬಿ ಸರ್ಕಾರದ ಪ್ರವಾಸೋದ್ಯಮ ಮತ್ತು ಸಂಸ್ಕೃತಿ ಇಲಾಖೆಗೆ ಹೋಯಿತು. ಗೆದ್ದವರಿಗೆ 50,000 ಡಾಲರ್, ಕಿರುಪಟ್ಟಿಯ ಆರು ಮಂದಿಗೆ ತಲಾ 10,000 ಡಾಲರ್ ಸಲ್ಲುತ್ತದೆ. ಕೃತಿಗಳನ್ನು ಕಳಿಸುವವರು ಪ್ರಕಾಶಕರು. ಐವರು ತೀರ್ಪುಗಾರರು ಅರಬ್ಬಿ ಮೂಲವನ್ನೇ ಓದಿ ತೀರ್ಮಾನಿಸುತ್ತಾರೆ. ಅಂತರರಾಷ್ಟ್ರೀಯ ಬೂಕರ್‌ನಲ್ಲಿ ತೀರ್ಪುಗಾರರ ಮುಂದೆ ಇರುವುದು ಇಂಗ್ಲಿಷ್ ಪಠ್ಯ. ಎರಡೂ ಪ್ರಶಸ್ತಿಗಳ ಹೆಸರಿನಲ್ಲಿ ಬೂಕರ್ ಸೇರಿಕೊಂಡಿದ್ದರೂ ಅವು ತೂಗುವ ವಸ್ತುಗಳೇ ಬೇರೆ ಎಂಬುದನ್ನು ಈ ಚರ್ಚೆಯಲ್ಲಿ ಮರೆಯದಿರೋಣ.

ಅರಬ್ ಲೀಗಿನಲ್ಲಿ 22 ದೇಶಗಳಿವೆ. ಭಾಷೆ ಒಂದೇ ಆದರೂ ಪುಸ್ತಕ ಮಾರುಕಟ್ಟೆ ಒಂದಲ್ಲ. ಕಾಸಾಬ್ಲಾಂಕಾದಲ್ಲಿ ಅಚ್ಚಾದ ಕಾದಂಬರಿ ಮಸ್ಕತ್ತಿನ ಅಂಗಡಿಗೆ ಬರಬೇಕಾದರೆ ಗಡಿ, ಸುಂಕ, ಸೆನ್ಸಾರ್ ಎಲ್ಲವನ್ನೂ ದಾಟಬೇಕು. ಅನೇಕ ಊರುಗಳಲ್ಲಿ ಹೊರದೇಶದ ಪುಸ್ತಕಗಳು ದೊರೆಯುವುದು ವರ್ಷಕ್ಕೊಮ್ಮೆ ನಡೆಯುವ ಪುಸ್ತಕ ಮೇಳದಲ್ಲಿ ಮಾತ್ರ. ಅಬುಧಾಬಿಯ ಮೇಳದಲ್ಲಿ ಜನರು ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಬಂದು, ಬೈರೂತ್ ಮತ್ತು ಕೈರೋ ಪ್ರಕಾಶಕರ ಮಳಿಗೆಗಳಲ್ಲಿ ಕಿರುಪಟ್ಟಿಯ ಆರು ಕಾದಂಬರಿಗಳನ್ನೂ ಒಟ್ಟಿಗೆ ಕೊಳ್ಳುವುದನ್ನು ಕಂಡಿದ್ದೇನೆ. ಇಂಗ್ಲಿಷ್ ಅನುವಾದ ಆಮೇಲಿನ ಮಾತು. ಅರಬ್ಬರು ಅರಬ್ಬರನ್ನು ಓದುವಂತೆ ಮಾಡಿದ್ದೇ ಈ ಪ್ರಶಸ್ತಿಯ ದೊಡ್ಡ ಕೆಲಸ ಎಂದು ನಾನು ನಂಬಿದ್ದೇನೆ.

ಹಳೆಯ_ಕಪಾಟು
ಈ ಕೊನೆಯ ಮಾತಿಗೆ ನನ್ನ ಸಂಪೂರ್ಣ ಸಹಮತವಿದೆ.

ಅನುವಾದಕಿ_ಧಾರವಾಡ
ಶರಾವತಿಯವರ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಅನುವಾದಕ್ಕೆ ಹಣ ಇಟ್ಟ ಮಾತ್ರಕ್ಕೆ ಅನುವಾದ ಆಗುವುದಿಲ್ಲ. ಇಂಗ್ಲಿಷಿನ ಒಬ್ಬ ಪ್ರಕಾಶಕರು ಹಕ್ಕು ಕೊಳ್ಳಬೇಕು, ಸಮರ್ಥ ಅನುವಾದಕರು ಬಿಡುವಾಗಿರಬೇಕು, ಸಂಪಾದಕರು ಮೂಲ ಓದಲಾರದಿದ್ದರೂ ಆ ಕೃತಿಯ ಮೇಲೆ ವಿಶ್ವಾಸ ಇಡಬೇಕು. ಇವುಗಳಲ್ಲಿ ಒಂದು ತಪ್ಪಿದರೂ ವರ್ಷಗಳು ಉರುಳುತ್ತವೆ.

2008ರಲ್ಲಿ ಗೆದ್ದದ್ದು ಈಜಿಪ್ಟಿನ ಬಹಾ ತಾಹಿರ್ ಅವರ ‘ಸನ್‌ಸೆಟ್ ಓಯಸಿಸ್’. ಅವರು ಆಗಲೇ ಹೆಸರಾದ ಹಿರಿಯ ಲೇಖಕರು. ಜಿನೀವಾದಲ್ಲಿ ವಿಶ್ವಸಂಸ್ಥೆಯ ಅನುವಾದಕರಾಗಿ ದುಡಿದವರು. ಕೈರೋದಲ್ಲೇ ನೆಲೆಸಿದ್ದ ಹಂಫ್ರಿ ಡೇವಿಸ್ ಅದನ್ನು ಕೈಗೆತ್ತಿಕೊಂಡರು, ಪುಸ್ತಕ ಬೇಗ ಬಂತು. 2015ರ ವಿಜೇತ, ಟ್ಯುನೀಷಿಯಾದ ಶುಕ್ರಿ ಮಬ್ಖೂತ್ ಅವರ ‘ದಿ ಇಟಾಲಿಯನ್’ ಲೇಖಕರ ಮೊದಲ ಕಾದಂಬರಿ. ಅದರ ಕಥೆ ಟ್ಯುನೀಷಿಯಾದ ವಿದ್ಯಾರ್ಥಿ ಚಳವಳಿಯ ಒಳರಾಜಕಾರಣದಲ್ಲಿ ಆಳವಾಗಿ ಬೇರುಬಿಟ್ಟಿದೆ. ಅದಕ್ಕೆ ಪ್ರಕಾಶಕರನ್ನು ಹುಡುಕುವುದು ಎಷ್ಟು ಕಷ್ಟವಾಗಿರಬಹುದು ಎಂಬುದನ್ನು ಈ ಕೆಲಸ ಮಾಡಿದವರು ಬಲ್ಲರು. ಬಾಗ್ದಾದಿನ ಅಹ್ಮದ್ ಸಾದಾವಿ ಅವರ ‘ಫ್ರಾಂಕೆನ್‌ಸ್ಟೈನ್ ಇನ್ ಬಾಗ್ದಾದ್’ 2014ರಲ್ಲಿ ಗೆದ್ದು, ಜೊನಾಥನ್ ರೈಟ್ ಅವರ ಅನುವಾದದಲ್ಲಿ 2018ರಲ್ಲಿ ಬಂತು. ಬಂದ ವರ್ಷವೇ ಅಂತರರಾಷ್ಟ್ರೀಯ ಬೂಕರ್‌ನ ಕಿರುಪಟ್ಟಿಗೆ ಏರಿತು. ಹೆಸರಿನಲ್ಲೇ ಇಂಗ್ಲಿಷ್ ಓದುಗರಿಗೆ ಪರಿಚಿತವಾದದ್ದು ಇದ್ದ ಪುಸ್ತಕಕ್ಕೂ ನಾಲ್ಕು ವರ್ಷ ಬೇಕಾಯಿತು ಎಂದರೆ ಉಳಿದವುಗಳ ಪಾಡನ್ನು ಊಹಿಸಬಹುದು.

ಇದಕ್ಕೆ ಹೋಲಿಸಿದರೆ ಕೈರೋದ ಅಮೆರಿಕನ್ ವಿಶ್ವವಿದ್ಯಾಲಯದ ಮುದ್ರಣಾಲಯ 1996ರಲ್ಲಿ ಆರಂಭಿಸಿದ ನಜೀಬ್ ಮಹ್ಫೂಜ್ ಪದಕದ ಕ್ರಮ ಹೆಚ್ಚು ನೇರವಾದುದು. ಅಲ್ಲಿ ಹಣದ ಮೊತ್ತ ಚಿಕ್ಕದು, ಮೊದಮೊದಲು ಕೇವಲ 1,000 ಡಾಲರ್ ಇತ್ತು. ಆದರೆ ಪದಕ ಕೊಡುವವರೇ ಪ್ರಕಾಶಕರಾದ್ದರಿಂದ ಗೆದ್ದ ಕಾದಂಬರಿಯ ಇಂಗ್ಲಿಷ್ ಅನುವಾದವನ್ನು ಅವರೇ ಹೊರತರುತ್ತಿದ್ದರು. ಮೊದಲ ವರ್ಷ ಪದಕ ಪಡೆದವರಲ್ಲಿ ಒಬ್ಬರಾದ ಲತೀಫಾ ಅಲ್‌ಜಯ್ಯಾತ್ ಅವರ ‘ದಿ ಓಪನ್ ಡೋರ್’ ಹಾಗೆ ಬಂದದ್ದು. ಅದರ ಅನುವಾದಕಿ ಮರಿಲಿನ್ ಬೂತ್. ಮುಂದೆ ಜೋಖಾ ಅಲ್‌ಹಾರ್ಥಿಯವರನ್ನು ಅನುವಾದಿಸಿದವರೂ ಅವರೇ. ಪ್ರಶಸ್ತಿಯೊಂದು ಅನುವಾದಕರನ್ನು ಬೆಳೆಸುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಕಾಣುವುದಿಲ್ಲ.

ಬಿಸಿಲೂರು
ಹಾಗಾದರೆ ಪಟ್ಟಿಯನ್ನು ನಂಬಬಾರದು ಎಂದೇ ನಾನು ಹೇಳುತ್ತೇನೆ. ಜೋಖಾ ಅಲ್‌ಹಾರ್ಥಿಯವರಿಗೆ ಅಂತರರಾಷ್ಟ್ರೀಯ ಬೂಕರ್ ತಂದ ‘ಸೆಲೆಸ್ಟಿಯಲ್ ಬಾಡೀಸ್’ ಅರಬ್ಬಿಯಲ್ಲಿ 2010ರಲ್ಲೇ ಪ್ರಕಟವಾಗಿತ್ತು. ಅಬುಧಾಬಿಯ ಪ್ರಶಸ್ತಿ ಅದಕ್ಕೆ ಬರಲಿಲ್ಲ. ಇಂಗ್ಲಿಷಿಗೆ ಅದನ್ನು ತಂದದ್ದು ಸ್ಕಾಟ್ಲೆಂಡಿನ ಒಂದು ಸಣ್ಣ ಪ್ರಕಾಶನ. ಒಮಾನಿನಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1970ರಲ್ಲಿ ಎಂಬುದನ್ನು ನಾನು ತಿಳಿದದ್ದೇ ಆ ಕಾದಂಬರಿಯಿಂದ. ಅಲ್‌ಅವಾಫಿ ಎಂಬ ಹಳ್ಳಿಯ ಮೂವರು ಅಕ್ಕತಂಗಿಯರ ಮದುವೆಗಳನ್ನು ಹೇಳುತ್ತಲೇ, ಗುಲಾಮಳಾಗಿದ್ದು ಯಜಮಾನನ ಮಗನನ್ನು ಸಾಕಿ ಬೆಳೆಸಿದ ಜರೀಫಾಳ ಬದುಕನ್ನು ಲೇಖಕಿ ನಮ್ಮ ಕಣ್ಣೆದುರು ತರುತ್ತಾರೆ. ಇಂಥ ಕೃತಿ ಕೈತಪ್ಪಿದ ಪಟ್ಟಿಯನ್ನು ಹಿಡಿದು ಒಂದು ಬಳಗ ತನ್ನ ಓದನ್ನು ರೂಪಿಸಿಕೊಳ್ಳುವುದು ಸರಿಯಲ್ಲ.

ಕಡಲಾಚೆಯ_ಕನ್ನಡಿಗ
ಬಿಸಿಲೂರು ಅವರೇ, ಯಾವ ಪ್ರಶಸ್ತಿಯ ಪಟ್ಟಿಯಿಂದ ಒಳ್ಳೆಯ ಪುಸ್ತಕ ಕೈತಪ್ಪಿಲ್ಲ ಹೇಳಿ? ವರ್ಷಕ್ಕೊಂದೇ ಪುಸ್ತಕ ಆರಿಸಬೇಕಾದಾಗ ಹೀಗಾಗುವುದು ಸಹಜ. ಆಮೇಲೆ 2023ರಲ್ಲಿ ಜಹ್ರಾನ್ ಅಲ್‌ಕಾಸ್ಮಿ ಅವರಿಗೆ ಬಂದು, ಒಮಾನಿಗೂ ಈ ಪ್ರಶಸ್ತಿ ಸಂದಿದೆ. ನೆಲದಡಿಯ ನೀರಿನ ಸದ್ದನ್ನು ಆಲಿಸಿ ಸೆಲೆ ಗುರುತಿಸುವ ಒಬ್ಬ ಹಳ್ಳಿಗನ ಕಥೆ ಅದು. ಒಮಾನಿನ ಅಫಲಾಜ್ ಎಂಬ ಹಳೆಯ ನೀರುಗಾಲುವೆಗಳ ಲೋಕ ಅದರಲ್ಲಿದೆ. ಬಯಲುಸೀಮೆಯಲ್ಲಿ ಬಾವಿ ತೋಡುವ ಮೊದಲು ನೀರು ನೋಡುವವರನ್ನು ಕರೆಸುವುದನ್ನು ಕಂಡು ಬೆಳೆದ ನನಗೆ ಆ ವಸ್ತು ಬಹಳ ಹತ್ತಿರದ್ದೆನಿಸಿತು.

ತುಂಗೆ_ತೀರ
ದೇಶಗಳ ಸರದಿಯ ಪ್ರಕಾರ ಪ್ರಶಸ್ತಿ ಹಂಚಲಾಗುತ್ತದೆ ಎಂಬ ಆರೋಪವನ್ನು ಯಾರೂ ಎತ್ತಲಿಲ್ಲವಲ್ಲ! ಮೊದಲೆರಡು ವರ್ಷ, ಅಂದರೆ 2008 ಮತ್ತು 2009ರಲ್ಲಿ, ಈಜಿಪ್ಟಿನವರೇ ಗೆದ್ದರು. ಅಷ್ಟೊಂದು ಕಾದಂಬರಿಗಳು ಹುಟ್ಟುವ ದೇಶಕ್ಕೆ ಮತ್ತೆ ಈ ಪ್ರಶಸ್ತಿ ಬಂದದ್ದು 2025ರಲ್ಲಿ, ಮೊಹಮ್ಮದ್ ಸಮೀರ್ ನದಾ ಅವರಿಗೆ. ನಡುವೆ 2020ರಲ್ಲಿ ಮೊದಲ ಸಲ ಅಲ್ಜೀರಿಯಾ, 2022ರಲ್ಲಿ ಮೊದಲ ಸಲ ಲಿಬಿಯಾ, 2023ರಲ್ಲಿ ಮೊದಲ ಸಲ ಒಮಾನ್ ಗೆದ್ದಿವೆ. ಇದು ಆಕಸ್ಮಿಕವೇ?

ಅನುವಾದಕಿ_ಧಾರವಾಡ
ಆಕಸ್ಮಿಕವೋ ಅಲ್ಲವೋ ಎಂದು ಸಾಬೀತು ಮಾಡುವುದು ಸಾಧ್ಯವಿಲ್ಲ. ತೀರ್ಪುಗಾರರು ಪ್ರತಿವರ್ಷ ಬದಲಾಗುತ್ತಾರೆ ಎಂಬುದನ್ನೂ ಗಮನಿಸಬೇಕು. ನನಗೆ ಸರದಿಗಿಂತ ಹೆಚ್ಚು ಕಳವಳ ತರುವ ವಿಷಯ ಬೇರೆಯದು. 2008ರಿಂದ 2025ರವರೆಗೆ ಗೆದ್ದ 19 ಕಾದಂಬರಿಗಳಲ್ಲಿ ಮಹಿಳೆಯರು ಬರೆದವು ಎರಡೇ ಎರಡು. ಸೌದಿಯ ರಜಾ ಆಲಿಮ್ 2011ರಲ್ಲಿ ಮೊರಾಕ್ಕೋದ ಮೊಹಮ್ಮದ್ ಅಶ್‌ಅರಿ ಅವರೊಂದಿಗೆ ಪ್ರಶಸ್ತಿ ಹಂಚಿಕೊಂಡರು. ಒಬ್ಬರೇ ಗೆದ್ದ ಮಹಿಳೆ ಎಂದರೆ 2019ರಲ್ಲಿ ಲೆಬನಾನಿನ ಹುದಾ ಬರಕಾತ್. ಅದೂ ಸುದ್ದಿ ಸಮಾರಂಭಕ್ಕೆ ಮೊದಲೇ ಸೋರಿಹೋಗಿ, ಮಾತೆಲ್ಲ ಆ ಸೋರಿಕೆಯ ಸುತ್ತಲೇ ನಡೆದು, ಕೃತಿಯ ಚರ್ಚೆ ಹಿಂದೆ ಉಳಿಯಿತು. ಯಾರಿಗೂ ತಲುಪದ ಪತ್ರಗಳ ಸರಣಿಯಾಗಿ ಹೆಣೆದ, ಊರು ಬಿಟ್ಟು ಅಲೆಯುವವರ ಆ ಪುಟ್ಟ ಕಾದಂಬರಿಯನ್ನು ದಯವಿಟ್ಟು ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ. ಮರಿಲಿನ್ ಬೂತ್ ಅವರ ಅನುವಾದ ‘ವಾಯ್ಸಸ್ ಆಫ್ ದಿ ಲಾಸ್ಟ್’ ಎಂಬ ಹೆಸರಿನಲ್ಲಿ ಸಿಗುತ್ತದೆ.

ಮಹ್ಫೂಜ್ ಪದಕದ ಪಟ್ಟಿಯಲ್ಲಿ ಮಹಿಳೆಯರ ಸಂಖ್ಯೆ ಇದಕ್ಕಿಂತ ಎಷ್ಟೋ ಹೆಚ್ಚು. ಅಹ್ಲಾಮ್ ಮುಸ್ತಗಾನಮಿ, ಆಲಿಯಾ ಮಮ್ದೂಹ್, ಸಹರ್ ಖಲೀಫಾ, ಮಿರಾಲ್ ಅಲ್‌ತಹಾವಿ ಎಲ್ಲರೂ ಅಲ್ಲಿದ್ದಾರೆ. ಹುದಾ ಬರಕಾತ್ ಅವರಿಗೂ ಆ ಪದಕ 2000ದಲ್ಲೇ ಬಂದಿತ್ತು. ಆದ್ದರಿಂದ ‘ಗೆಲ್ಲುವಂಥದ್ದನ್ನು ಮಹಿಳೆಯರು ಬರೆಯುತ್ತಿಲ್ಲ’ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ.

ಪ್ರಶ್ನೆ_ಪತ್ರಿಕೆ
ಸರ್ಕಾರದ ಹಣದ ವಿಷಯವನ್ನು ಇಷ್ಟು ಹಗುರವಾಗಿ ದಾಟಿಹೋಗಬಾರದು ಎಂದು ನನಗೆ ಅನಿಸುತ್ತದೆ. 2020ರಲ್ಲಿ ಯುಎಇ ಇಸ್ರೇಲ್ ಜೊತೆ ಒಪ್ಪಂದ ಮಾಡಿಕೊಂಡಾಗ, ಈ ಪ್ರಶಸ್ತಿ ಎಮಿರೇಟ್ಸ್ ಹಣವನ್ನು ಬಿಡಬೇಕೆಂದು ಕೆಲವು ಅರಬ್ ಲೇಖಕರು ಒತ್ತಾಯಿಸಿದ್ದರು. ಸಾಹಿತ್ಯದ ದೊಡ್ಡ ಬಹುಮಾನಗಳೆಲ್ಲ ಕೊಲ್ಲಿಯ ತೈಲ ಸಂಪತ್ತನ್ನೇ ನೆಚ್ಚಿಕೊಂಡರೆ ಲೇಖಕರು ಬರೆಯುವಾಗಲೇ ಅಳುಕುವುದಿಲ್ಲವೇ? ಕತಾರಿನ ಕತಾರಾ ಪ್ರಶಸ್ತಿಯೂ 2014ರಿಂದ ಇದೇ ದಾರಿಯಲ್ಲಿದೆ. ಗೆದ್ದ ಕೃತಿಗಳನ್ನು ಇಂಗ್ಲಿಷ್ ಮತ್ತು ಫ್ರೆಂಚ್ ಎರಡಕ್ಕೂ ತರುವುದಾಗಿ ಅದು ಹೇಳುತ್ತದೆ.

ಕಡಲಾಚೆಯ_ಕನ್ನಡಿಗ
ಅಳುಕು ಇಲ್ಲವೆಂದು ನಾನೂ ಹೇಳಲಾರೆ. ಆದರೆ 2024ರ ತೀರ್ಪನ್ನು ನೋಡಿ. ಆಗ ಗೆದ್ದ ಬಾಸಿಮ್ ಖಂದಕ್ಜಿ ನಾಬ್ಲುಸ್‌ನ ಪ್ಯಾಲೆಸ್ಟೀನಿ ಲೇಖಕರು. 2004ರಿಂದ ಇಸ್ರೇಲಿನ ಸೆರೆಮನೆಯಲ್ಲಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದವರು. ನಿರಾಶ್ರಿತರ ಶಿಬಿರದಲ್ಲಿ ಬೆಳೆದ ಪುರಾತತ್ತ್ವಜ್ಞನೊಬ್ಬನಿಗೆ ಹಳೆಯ ಕೋಟಿನ ಜೇಬಿನಲ್ಲಿ ಒಬ್ಬ ಇಸ್ರೇಲಿಯ ನೀಲಿ ಗುರುತಿನ ಚೀಟಿ ಸಿಗುತ್ತದೆ. ಅದನ್ನೇ ಮುಖವಾಡ ಮಾಡಿಕೊಂಡು ಅವನು ಆಚೆ ಬದಿಗೆ ಹೋಗುತ್ತಾನೆ. ಇದು ಆ ಕಾದಂಬರಿಯ ವಸ್ತು. ಲೇಖಕರ ಪರವಾಗಿ ಬೈರೂತಿನ ದಾರ್ ಅಲ್‌ಆದಾಬ್ ಪ್ರಕಾಶನದ ಒಡತಿ ಪ್ರಶಸ್ತಿ ಸ್ವೀಕರಿಸಿದರು. ಖಂದಕ್ಜಿ ಅವರಿಗೆ ಬಿಡುಗಡೆ ದೊರೆತದ್ದು 2025ರ ಅಕ್ಟೋಬರಿನಲ್ಲಿ. ಅಬುಧಾಬಿಯ ಹಣದಲ್ಲೇ ಕುಳಿತು ತೀರ್ಪುಗಾರರು ಈ ಕೃತಿಯನ್ನು ಆರಿಸಿದರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೇ?

ಪ್ರಶ್ನೆ_ಪತ್ರಿಕೆ
ತೆಗೆದುಕೊಳ್ಳುತ್ತೇನೆ. ಆದರೂ ಒಂದು ವರ್ಷದ ದಿಟ್ಟ ತೀರ್ಪು ಇಡೀ ವ್ಯವಸ್ಥೆಗೆ ಜಾಮೀನಾಗುವುದಿಲ್ಲ ಎಂಬ ನನ್ನ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.

ಹಳೆಯ_ಕಪಾಟು
ಅನುವಾದಕರಿಗೆ ಸಲ್ಲುವ ಪಾಲಿನ ಬಗ್ಗೆ ಯಾರಾದರೂ ಹೇಳುವಿರಾ? ಅಂತರರಾಷ್ಟ್ರೀಯ ಬೂಕರ್‌ನಲ್ಲಿ 50,000 ಪೌಂಡ್‌ಗಳನ್ನು ಲೇಖಕರು ಮತ್ತು ಅನುವಾದಕರು ಸಮನಾಗಿ ಹಂಚಿಕೊಳ್ಳುತ್ತಾರೆ. ಜೋಖಾ ಮತ್ತು ಬೂತ್ ಹಾಗೆ ಹಂಚಿಕೊಂಡರು, ಬಾನು ಮತ್ತು ದೀಪಾ ಕೂಡ. ಅಬುಧಾಬಿಯಲ್ಲಿ ಅನುವಾದಕರಿಗೆ ಬಹುಮಾನವೇ ಇಲ್ಲ ಎಂದರೆ ಅದು ಅನ್ಯಾಯವಲ್ಲವೇ?

ಅನುವಾದಕಿ_ಧಾರವಾಡ
ಅಬುಧಾಬಿಯಲ್ಲಿ ಪ್ರಶಸ್ತಿ ಘೋಷಣೆಯಾಗುವ ಹೊತ್ತಿಗೆ ಬಹುಮಟ್ಟಿಗೆ ಅನುವಾದವೇ ಹುಟ್ಟಿರುವುದಿಲ್ಲ, ಆದ್ದರಿಂದ ಅಲ್ಲಿ ಪಾಲಿನ ಪ್ರಶ್ನೆ ಏಳುವುದಿಲ್ಲ. ಅರಬ್ಬಿಯಿಂದ ಇಂಗ್ಲಿಷಿಗೆ ಬಂದ ಅನುವಾದಕ್ಕೆಂದೇ ಬೇರೊಂದು ಪ್ರಶಸ್ತಿ ಇದೆ: ಸೈಫ್ ಗೋಬಾಶ್ ಬಾನಿಪಾಲ್ ಪ್ರಶಸ್ತಿ. 1998ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಬಾನಿಪಾಲ್ ಪತ್ರಿಕೆಯ ಬಳಗ ಅದನ್ನು ಕಟ್ಟಿತು. 2006ರಲ್ಲಿ ಮೊದಲ ಪ್ರಶಸ್ತಿ ಪಡೆದವರು ಹಂಫ್ರಿ ಡೇವಿಸ್. ಇಲ್ಯಾಸ್ ಖೂರಿ ಅವರ ‘ಗೇಟ್ ಆಫ್ ದಿ ಸನ್’ ಅನುವಾದಕ್ಕಾಗಿ. ಮೊತ್ತ 3,000 ಪೌಂಡ್. ಮೂಲ ಲೇಖಕರಿಗೆ 50,000 ಡಾಲರ್, ಅನುವಾದಕರಿಗೆ 3,000 ಪೌಂಡ್ ಎಂಬ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಈ ನೋವು ನನ್ನ ಸ್ವಂತದ್ದೂ ಹೌದು. ನಾನು ಅನುವಾದಿಸಿದ ಪುಸ್ತಕವೊಂದರ ಮುಖಪುಟದಲ್ಲಿ ನನ್ನ ಹೆಸರು ಇರಲಿಲ್ಲ. ಕೇಳಿದಾಗ ‘ಒಳಪುಟದಲ್ಲಿ ಇದೆಯಲ್ಲ ಮೇಡಂ’ ಎಂದರು. ಒಂದು ಭಾಷೆಯ ಕಾದಂಬರಿಯನ್ನು ಇನ್ನೊಂದರಲ್ಲಿ ವಾಕ್ಯ ವಾಕ್ಯವಾಗಿ ಮತ್ತೆ ಬರೆದವರ ಹೆಸರನ್ನು ಹಕ್ಕುಸ್ವಾಮ್ಯದ ಸಾಲಿನ ಕೆಳಗೆ ಸಣ್ಣಕ್ಷರದಲ್ಲಿ ಅಚ್ಚು ಹಾಕುವುದು ಇಂದಿಗೂ ನಡೆಯುತ್ತಿದೆ. ಸಮಪಾಲು ಕೊಡುವ ಪ್ರಶಸ್ತಿಗಳು ಇದಕ್ಕೇ ಮುಖ್ಯ: ಬಹುಮಾನದ ಚೆಕ್ಕಿನ ಮೇಲೆ ಎರಡು ಹೆಸರು ಬಂದರೆ ಮುಖಪುಟದ ಮೇಲೂ ಬರುತ್ತದೆ.

ಪಡುವಣ_ಗಾಳಿ
ನಾನು ಭಟ್ಕಳದವನು. ಇಲ್ಲಿಯವರೆಗಿನ ಮಾತೆಲ್ಲ ಅರಬ್ಬಿಯಿಂದ ಇಂಗ್ಲಿಷಿಗೆ ಎಂಬಲ್ಲಿಗೇ ನಿಂತಿದೆ. ಕನ್ನಡಕ್ಕೆ ನೇರವಾಗಿ ಏಕೆ ಬರಬಾರದು? ಕರಾವಳಿಯಲ್ಲಿ ಅರಬ್ಬಿ ಓದಬಲ್ಲವರು ಸಾವಿರಾರು ಮಂದಿ ಇದ್ದಾರೆ, ಕೊಲ್ಲಿ ದೇಶಗಳಲ್ಲಿ ದುಡಿದು ಮಾತಿನ ಅರಬ್ಬಿಯನ್ನು ಕಲಿತವರೂ ಇದ್ದಾರೆ. ಸರ್ಕಾರದ ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಇರುವುದೇ ಅನುವಾದಕ್ಕಾಗಿ. ಬಾಗ್ದಾದಿನ ಕಥೆ ಲಂಡನ್ ಸುತ್ತಿಕೊಂಡೇ ನಮ್ಮೂರಿಗೆ ಬರಬೇಕೆಂಬ ನಿಯಮವೇನಿಲ್ಲ.

ತುಂಗೆ_ತೀರ
ಮದರಸದಲ್ಲಿ ಕಲಿತ ಅರಬ್ಬಿಯಿಂದ ಕಾದಂಬರಿ ಅನುವಾದಿಸಲು ಆಗುತ್ತದೆಯೇ?

ಪಡುವಣ_ಗಾಳಿ
ಅದೊಂದರಿಂದಲೇ ಆಗುವುದಿಲ್ಲ, ಒಪ್ಪುತ್ತೇನೆ. ಕಾದಂಬರಿಯ ನಿರೂಪಣೆ ಸಾಮಾನ್ಯವಾಗಿ ಶಿಷ್ಟ ಅರಬ್ಬಿಯಲ್ಲಿ ಇರುತ್ತದೆ. ಪಾತ್ರಗಳು ಮಾತಾಡಲು ಆರಂಭಿಸಿದಾಗ ಕೆಲವು ಲೇಖಕರು ಇರಾಕಿನ, ಈಜಿಪ್ಟಿನ, ಮೊರಾಕ್ಕೋದ ಆಡುನುಡಿಗೆ ಇಳಿಯುತ್ತಾರೆ. ಕುವೈತಿನಲ್ಲಿ ವರ್ಷಗಟ್ಟಲೆ ಇದ್ದವನಿಗೂ ಮೊರಾಕ್ಕೋದ ಮಾತು ಅರ್ಧ ಅರ್ಥವಾಗದು. ಆದರೆ ಧಾರವಾಡದ ಮಾತನ್ನೂ ಕುಂದಾಪುರದ ಮಾತನ್ನೂ ಒಂದೇ ಭಾಷೆಯ ಕಾದಂಬರಿಗಳಲ್ಲಿ ಓದಿ ಬೆಳೆದ ನಮಗೆ ಈ ಸಮಸ್ಯೆ ಹೊಸತಲ್ಲ. ಇಂಗ್ಲಿಷಿನಲ್ಲಿ ಒಂದೇ ಮಟ್ಟಕ್ಕೆ ಬಂದು ನಿಲ್ಲುವ ಸಂಭಾಷಣೆಯನ್ನು ಕನ್ನಡದಲ್ಲಿ ಏರಿಳಿತದೊಂದಿಗೆ ಉಳಿಸಲು ಸಾಧ್ಯವಿದೆ. ಅರಬ್ಬಿ ಬಲ್ಲವರೊಬ್ಬರು, ಕನ್ನಡದಲ್ಲಿ ಪಳಗಿದವರೊಬ್ಬರು ಜೊತೆಗೆ ಕುಳಿತರೂ ಸಾಕು. ಪ್ರಶಸ್ತಿಯ ಕಿರುಪಟ್ಟಿ ನಮಗೆ ಉಪಯೋಗಕ್ಕೆ ಬರುವುದು ಇಲ್ಲಿಯೇ, ಯಾವ ಪುಸ್ತಕದಿಂದ ಆರಂಭಿಸಬೇಕೆಂದು ತೋರಿಸಲು.

ಬಿಸಿಲೂರು
ಈ ಸಲಹೆ ನಿಜವಾಗಿಯೂ ಚೆನ್ನಾಗಿದೆ. ಯಾವ ಪುಸ್ತಕದಿಂದ ಆರಂಭಿಸಬಹುದು ಎನ್ನುತ್ತೀರಿ?

ಪಡುವಣ_ಗಾಳಿ
2013ರಲ್ಲಿ ಗೆದ್ದ ಸೌದ್ ಅಲ್‌ಸನ್‌ಊಸಿ ಅವರ ‘ದಿ ಬ್ಯಾಂಬೂ ಸ್ಟಾಕ್’. ಕುವೈತಿನ ಶ್ರೀಮಂತ ಮನೆತನದ ರಾಶಿದ್‌ನಿಗೂ ಆ ಮನೆಯಲ್ಲಿ ಕೆಲಸಕ್ಕಿದ್ದ ಫಿಲಿಪೀನ್ಸಿನ ಜೋಸೆಫಿನ್‌ಗೂ ಹುಟ್ಟಿದ ಮಗನ ಕಥೆ ಅದು. ತಾಯಿಯ ನಾಡಿನಲ್ಲಿ ಅವನು ಹೊಸೆ, ತಂದೆಯ ನಾಡಿನಲ್ಲಿ ಈಸಾ. ಅಜ್ಜಿಯ ಮನೆಗೆ ಮರಳಿದಾಗ ಅವನ ಮುಖದಲ್ಲಿ ಫಿಲಿಪಿನೊ ಚಹರೆ ಇರುವುದರಿಂದ ಮೊಮ್ಮಗನೆಂದು ನೆರೆಯವರಿಗೆ ಹೇಳಿಕೊಳ್ಳಲಾರದೆ, ಆಳುಗಳ ಕೋಣೆಯಲ್ಲಿ ಇರಿಸುತ್ತಾರೆ. ಕೊಲ್ಲಿಗೆ ಹೋಗಿ ಮನೆಗೆಲಸ ಮಾಡಿ ಬಂದ ಹೆಂಗಸರು ನಮ್ಮ ಊರುಗಳಲ್ಲೂ ಇದ್ದಾರೆ, ಅವರ ಮನೆಮಂದಿ ಈ ಪುಟಗಳನ್ನು ಓದಬೇಕು.

ಈ ಚರ್ಚೆಗೆ ನೇರವಾಗಿ ತಾಗುವ ಇನ್ನೊಂದು ಸಂಗತಿ ಅದರಲ್ಲಿದೆ. ಸೌದ್ ಅವರು ಅರಬ್ಬಿಯಲ್ಲೇ ಬರೆದ ಈ ಕಾದಂಬರಿ ಫಿಲಿಪಿನೊ ಭಾಷೆಯಿಂದ ಅರಬ್ಬಿಗೆ ಬಂದ ಅನುವಾದದಂತೆ ತೆರೆದುಕೊಳ್ಳುತ್ತದೆ. ಒಳಗಿನ ಶೀರ್ಷಿಕೆ ಪುಟದಲ್ಲಿ ಹೊಸೆ ಮೆಂದೋಜಾ ಎಂಬ ಲೇಖಕನ ಹೆಸರಿನೊಂದಿಗೆ ಇಬ್ರಾಹಿಂ ಸಲಾಮ್ ಎಂಬ ಅನುವಾದಕನ ಹೆಸರೂ ಇದೆ. ಇಬ್ಬರೂ ಕಾದಂಬರಿಯ ಪಾತ್ರಗಳೇ. ತನ್ನ ತಂದೆಯ ಭಾಷೆಯಲ್ಲಿ ಬರೆಯಲಾರದ ಮಗನ ಕಥೆ ಅನುವಾದಕನೊಬ್ಬನ ಕೈಯಿಂದಲೇ ಅರಬ್ಬಿ ಓದುಗರನ್ನು ತಲುಪುತ್ತದೆ. ಜೊನಾಥನ್ ರೈಟ್ ಅದನ್ನು ಇಂಗ್ಲಿಷಿಗೆ ತಂದಾಗ ಬಾನಿಪಾಲ್ ಪ್ರಶಸ್ತಿಯೂ ಬಂತು.

ಶರಾವತಿ_ಓದು
ಎಲ್ಲರಿಗೂ ಧನ್ಯವಾದಗಳು. ನಮ್ಮ ಬಳಗ ಇಂಗ್ಲಿಷ್ ಅನುವಾದಗಳಲ್ಲಿ ‘ದಿ ಬ್ಯಾಂಬೂ ಸ್ಟಾಕ್’, ‘ವಾಯ್ಸಸ್ ಆಫ್ ದಿ ಲಾಸ್ಟ್’, ‘ಸೆಲೆಸ್ಟಿಯಲ್ ಬಾಡೀಸ್’ ಈ ಮೂರನ್ನು ಮೊದಲು ಓದುತ್ತದೆ. ಪ್ರತಿ ಸಭೆಯ ಪ್ರಕಟಣೆಯಲ್ಲಿ ಲೇಖಕರ ಹೆಸರಿನ ಪಕ್ಕದಲ್ಲೇ ಅನುವಾದಕರ ಹೆಸರನ್ನೂ ಹಾಕುತ್ತೇವೆ. ಪಡುವಣ ಗಾಳಿಯವರೇ, ‘ಬ್ಯಾಂಬೂ ಸ್ಟಾಕ್’ನ ಮೊದಲ ಅಧ್ಯಾಯವನ್ನು ಅರಬ್ಬಿಯಿಂದಲೇ ಕನ್ನಡಕ್ಕೆ ಮಾಡಿ ನಮ್ಮ ಸಭೆಯಲ್ಲಿ ಓದಲು ನಿಮಗೆ ಸಾಧ್ಯವೇ?

ಪಡುವಣ_ಗಾಳಿ
ನನ್ನ ಕನ್ನಡವನ್ನು ತಿದ್ದಲು ಧಾರವಾಡದ ಮೇಡಂ ಒಪ್ಪಿದರೆ ಖಂಡಿತ ಮಾಡುತ್ತೇನೆ. ಸಭೆಯಲ್ಲಿ ಓದುವುದಕ್ಕೇನೂ ತೊಡಕಿಲ್ಲ ಎಂದುಕೊಂಡಿದ್ದೇನೆ. ಅಚ್ಚು ಹಾಕುವ ಮಾತು ಬಂದರೆ ಮಾತ್ರ ಮೊದಲು ಮೂಲ ಪ್ರಕಾಶಕರಿಂದ ಹಕ್ಕು ಕೇಳಬೇಕು.

ಅನುವಾದಕಿ_ಧಾರವಾಡ
ಒಪ್ಪಿದ್ದೇನೆ. ಅರಬ್ಬಿ ಪುಟಗಳ ಜೊತೆಗೆ ನಿಮ್ಮ ಮೊದಲ ಕರಡನ್ನು ಕಳಿಸಿ. ಇಂಗ್ಲಿಷ್ ಅನುವಾದವನ್ನು ಮಾತ್ರ ಕರಡು ಮುಗಿಯುವವರೆಗೆ ತೆರೆಯಬೇಡಿ.